ಬೆನ್ನ ಹಿಂದಿನ ಕತ್ತಿ

ಮೊದಲ ಮೂರು ತಿಂಗಳು ಕತ್ತಿ ಮುಟ್ಟಗೊಡಲಿಲ್ಲ
ಐರಿ ಕುಂಜಪ್ಪ.
ತಿದಿ ಒತ್ತಿಸಿದ.

ನಾಪೋಕ್ಲಿನ ಕುಲುಮೆ, ಬೆಳಗಿನ ಐದೂವರೆ.
ಕರೆಂಟಿನ ಬ್ಲೋವರ್ ಮೂಲೆಯಲ್ಲೇ ಇತ್ತು,
ಗುಂಡಿ ಒತ್ತಿದರೆ ಸಾಕಿತ್ತು.
ನನಗೆ ಮಾತ್ರ ಆಡಿನ ಚರ್ಮದ ಹಳೆಯ ತಿದಿ.
"ಅದು ಎಳೆದಾಗ ನೀನೂ ಎಳೆ, ಅದು ಬಿಟ್ಟಾಗ ಬಿಡು.
ಕೆಂಡ ಕೆಂಪಾದರೆ ಸಾಲದು,
ಕಿತ್ತಳೆಯ ಬಣ್ಣಕ್ಕೆ ಬರಬೇಕು.
ನಮ್ಮ ಕಿತ್ತಳೆ. ಸಂತೆಗೆ ಬರುವ ನಾಗಪುರದ್ದಲ್ಲ."

ನಾನು ಶಾಲೆಯ ಡ್ರಿಲ್ ಟೀಚರು.
ಹದಿನೆಂಟು ವರ್ಷ ಮಕ್ಕಳಿಗೆ ಒಂದ್-ಎರಡ್ ಹೇಳಿದವಳಿಗೆ
ಉಸಿರಾಡಲು ಕಮ್ಮಾರ ಕಲಿಸಬೇಕೆ?
ನಾನು ಕೇಳಿ ಬಂದದ್ದೇ ಬೇರೆ:
ಹರೆಯದಲ್ಲಿ ಕುಟ್ಟದಾಚೆ ಗಡಿ ದಾಟಿ
ಕಳರಿಯೊಂದರಲ್ಲಿ ಏಳು ವರ್ಷ ಎಣ್ಣೆ ಕುಡಿದ ಮೈಯಂತೆ;
ಹತ್ತು ಮಾರು ದೂರದ ದೀಪವನ್ನು
ಬೀಸಿ, ತಾಕದೆ, ನಂದಿಸುತ್ತಿದ್ದನಂತೆ;
ಒಂದು ಬೀಜಾಕ್ಷರ ನುಂಗಿ ಕಣ್ಣು ಮುಚ್ಚಿದರೆ
ಒಡಿಕತ್ತಿಯ ಮೂತಿ ಜೇನಿನ ಹಾಗೆ ಗುಂಯ್ ಅನ್ನುತ್ತಿತ್ತಂತೆ.
ಆ ಗುಂಯ್‌ಗೆ ಬಂದವಳು ನಾನು.

ನಾಲ್ಕನೆಯ ತಿಂಗಳು. ಕೈಲ್‌ಪೋದಿಗೆ ಎಂಟು ದಿನ.
ಒಕ್ಕ ಒಕ್ಕದ ಕತ್ತಿಗಳು ಸಾಣೆಗೆ ಬಂದು
ಗೋಡೆಗೆ ಒರಗಿದ್ದವು, ಆಸ್ಪತ್ರೆಯ ಬೆಂಚಿನ ಮೇಲಿನ ಜನದ ಹಾಗೆ.
ಒಂದನ್ನು ಎತ್ತಿ ಕೊಟ್ಟ. ಎಡಗೈಯಲ್ಲಿ.
"ನೋಡು, ಭಾರವೆಲ್ಲ ಮುಂದೆ, ಬಾಗಿದ ಕಡೆ.
ಹೋಗುವ ಆಸೆ ಅದಕ್ಕೆ.
ಹೊಕ್ಕುಳಿಂದ ತೆಗೆ. ಹೆಗಲಿಗೆ ಹಾಯಿಸು.
ಹಿಡಿಯಲ್ಲಿ ನಿಲ್ಲಿಸಿದರೆ ಹಿಡಿಯೇ ಸುಡುತ್ತದೆ,
ಮೂತಿಯವರೆಗೂ ಬಿಡು."

ಬಿಟ್ಟೆ.
ಹಿತ್ತಲ ಬಾಳೆ ನಿಂತೇ ಇತ್ತು.
ತಪ್ಪಿತು ಅಂದುಕೊಂಡೆ.
ಒಂದು ಇರುವೆ ದಿಂಡು ಹತ್ತುತ್ತಾ ಬಂದು
ಅರ್ಧದಲ್ಲಿ ನಿಂತು, ಮೀಸೆ ಆಡಿಸಿ,
ವಾಪಸು ಇಳಿಯಿತು.
ಆಮೇಲೆ ಬಾಳೆಗೆ ನೆನಪಾಯಿತು.
ಜಾರಿತು.

ನಲವತ್ತೆರಡರ ಹೆಂಗಸು ಕುಣಿದುಬಿಟ್ಟೆ.
ಕುಂಜಪ್ಪ ನಗಲಿಲ್ಲ.
"ಈಗ ವಾಪಸು ಕರೆ."
"ಏನನ್ನು?"
"ಕಳಿಸಿದ್ದನ್ನು."

ಅಂಗಿಯ ಜೇಬಿನಿಂದ ಬಲಗೈ ತೆಗೆದು ನನ್ನ ಅಂಗೈಗೆ ಇಟ್ಟ.
ಐವತ್ತು ವರ್ಷ ಬೆಂಕಿಯ ಮುಂದೆ ಕೂತ ಕೈ
ಹೊಳೆಯೊಳಗಿನ ಕಲ್ಲು.
"ಚೇರಂಬಾಣೆ ದಾರಿಯ ತಿರುವಿನಲ್ಲಿ ಒಂದು ರಾತ್ರಿ
ಒಬ್ಬನ ಮೇಲೆ ಬೀಸಿದೆ. ತಾಕಲಿಲ್ಲ, ಅವನು ಓಡಿದ.
ಸಿಟ್ಟಿನಲ್ಲೇ ಮನೆಗೆ ಬಂದೆ, ಉಂಡೆ, ಮಲಗಿದೆ.
ಹೊರಟದ್ದು ಅಲ್ಲೇ ಉಳಿಯಿತು.
ಡಾಕ್ಟರು ನರ ಅನ್ನುತ್ತಾರೆ.
ಇರಲಿ, ಅವರಿಗೂ ಒಂದು ಹೆಸರು ಬೇಕಲ್ಲ."

ಮೊಳೆಯಿಂದ ತೊಡಂಗ್ ಇಳಿಸಿ ನನ್ನ ನಡುವಿಗೆ ಕಟ್ಟಿದ.
ಬೆನ್ನ ಹಿಂದೆ ಹಿತ್ತಾಳೆಯ ಒಂದು ಕೊಕ್ಕೆ, ಅಷ್ಟೆ. ಒರೆಯಿಲ್ಲ.
"ಬರಿಯ ಅಲಗು, ಬೆನ್ನುಹುರಿಯ ಬುಡಕ್ಕೆ,
ಹಾವು ಮಲಗುವ ಜಾಗಕ್ಕೆ. ಸುಮ್ಮನೆ ಇಟ್ಟರೆ ಹಿರಿಯರು?
ತಿರುಗಿ ನೋಡಬೇಡ. ಉಸಿರು ಒಳಗೆ ಬರುವಾಗ ಮಾತ್ರ ಸೇರಿಸು."

ಮೂರು ರವಿಕೆ ಹರಿದವು. ಒಮ್ಮೆ ಚರ್ಮವೂ.
ಕತ್ತಿಗಳು ತೋಕ್‌ಪೂ ಮುಡಿಯಲು ಅವರವರ ಮನೆಗೆ ಹೋದವು.
ಗುಂಯ್ ಒಂದು ಸಲ ಕೇಳಿದ ಹಾಗಾಯಿತು;
ಕುಲುಮೆಯ ಮಾಡಿನಲ್ಲಿ ಜೇನು ಕಟ್ಟಿದೆ,
ಖಚಿತ ಹೇಳಲಾರೆ.

ಭಾನುವಾರ ಮೊದಲ ಬಸ್ಸಿಗೆ ಹೋದೆವು, ಇಬ್ಬರೂ,
ಆ ತಿರುವಿಗೆ.
ಈಗ ಅಲ್ಲೊಂದು ಮೈಲಿಗಲ್ಲು, ಕಾಡುಗೇರಿನ ಗಿಡ, ಬೀಡಿ ತುಂಡು.
ಮುದುಕ ರಸ್ತೆಯ ಅಂಚಿನಲ್ಲಿ ನಿಂತು
ಎಳೆದ. ಎಳೆದ.
ಹಳೆಯ ತಿದಿಯ ಸದ್ದು ಎದೆಯಲ್ಲಿ.
ಹಾಲಿನ ಜೀಪಿನವನು ನಿಧಾನಿಸಿ, ದಮ್ಮೇ ಅಜ್ಜ, ಅಂದು ಹೋದ.

ಏನೂ ಆಗಲಿಲ್ಲ.
ವಾಪಸು ಬರುವ ಬಸ್ಸು ಭರ್ತಿ, ನಿಂತೇ ಬಂದೆವು.
ನೋಡುತ್ತೇನೆ, ಕಂಬಿಯ ಮೇಲೆ ಅವನ ಬಲಗೈ.
ಸ್ವಲ್ಪ ಹೊತ್ತು ಸುಮ್ಮನಿದ್ದು,
ಯಾರಿಗೋ ದೂರು ಹೇಳುವವನ ಹಾಗೆ ಅಂದ:
"ಕಂಬಿ ಎಷ್ಟು ತಣ್ಣಗಿದೆ."