ಉಲಾನ್‌ಬಾತರಿನಲ್ಲಿ ಹಾಜರಿ

ಕೈಗಡಿಯಾರದ ಮುಳ್ಳು ಇನ್ನೂ ತಿರುಗಿಸಿಲ್ಲ.
ಅದರ ಲೆಕ್ಕದಲ್ಲಿ ಈಗ ನಡುರಾತ್ರಿ ದಾಟಿ ಅರ್ಧ ಗಂಟೆ,
ಅಕ್ರಾದಲ್ಲಿ ಅವ್ವ ಫ್ಯಾನಿನಡಿ ಮಗ್ಗುಲು ಬದಲಿಸುವ ಹೊತ್ತು.
ಇಲ್ಲಿ ಬೆಳಗಿನ ಎಂಟೂವರೆ. ಬಿಸಿಲಿದೆ,
ಕಾವಿಲ್ಲ. ಆಗಸ್ಟಿನಲ್ಲೇ ಸ್ವೆಟರು.

ಕೊರಳಿಗೆ ತೂಗುಬಿಟ್ಟ ಗುರುತಿನ ಚೀಟಿಯಲ್ಲಿ
ಯಾರೋ ನನ್ನ ಹೆಸರಿನ ಒಂದಕ್ಷರ ನುಂಗಿದ್ದಾರೆ.
ಫೋಟೋದಲ್ಲಿ ಬೆಳಕು ಸಾಲದೆ
ಮುಖವೆಲ್ಲ ಮಸಿ, ಹಲ್ಲಷ್ಟೇ ನಾನು.
"ಸರಿ ಮಾಡಿಸೋಣ," ಎಂದಳು ಕಚೇರಿಯ ಓಯುನ್‌ಚಿಮೆಗ್,
"ಬರುವ ವಾರ."
ಲೋಕದ ಕಚೇರಿಗಳಿಗೆಲ್ಲ ಬರುವ ವಾರ ಒಂದೇ
ಎಂದು ತಿಳಿದು ಕೊಂಚ ಸಮಾಧಾನ.

ನಾಲ್ಕನೇ ತರಗತಿ, ಕೋಣೆ ಹನ್ನೊಂದು.
ಕಿಟಕಿಯಾಚೆ ಎರಡು ಕ್ರೇನು, ಅವುಗಳ ಕಾಲಸಂದಿಯಲ್ಲಿ
ಮಗುಚಿಟ್ಟ ಬೋಗುಣಿಯಂಥ ಒಂದು ಬಿಳಿ ಡೇರೆ,
ಹೊಗೆಕೊಳವೆ, ಕಟ್ಟಿಹಾಕಿದ ನಾಯಿ.
ಹದಿನೇಳು ಕುರ್ಚಿ. ಹದಿನೇಳು ಜೊತೆ ಕಣ್ಣು
ಮೊದಲು ನನ್ನ ಜಡೆಗಳ ಮೇಲೆ ಕೂತವು,
ಆಮೇಲೆ ಅಂಗೈ ಮೇಲೆ.
"ಒಳಗಡೆ ಮಾತ್ರ ಯಾಕೆ ಬೆಳ್ಳಗಿದೆ?" ಎಂದ
ಮುಂದಿನ ಸಾಲಿನ ಜರ್ಮನ್ ಹುಡುಗ ಆನ್ಸೆಲ್ಮ್.
"ಸೀಮೆಸುಣ್ಣ ಹಿಡಿದು ಹಿಡಿದು," ಎಂದೆ.
ನಂಬಿದ. ಈ ಶಾಲೆಯಲ್ಲಿ ಸೀಮೆಸುಣ್ಣವೇ ಇಲ್ಲ.

ಹಾಜರಿ ಕೂಗಿದೆ.
ಹಾ-ಯುನ್. ಬಂದಿದ್ದಾಳೆ.
ತ್ಸೆಲ್ಮೆಗ್. ನಾಲಿಗೆ ಎಡವಿಬಿತ್ತು,
ಇಡೀ ತರಗತಿ ಸೇರಿ ಎತ್ತಿ ನಿಲ್ಲಿಸಿತು,
ಮೂರನೇ ಸಲಕ್ಕೆ ಚಪ್ಪಾಳೆ.
ಆಮೇಲೆ ನೆರ್ಗುಯಿ.
ಕೊನೆಯ ಸಾಲಿನಲ್ಲಿ, ಹೊಸ ನೀಲಿ ದೇಲ್ ತೊಟ್ಟು
ಅದರ ಕತ್ತುಪಟ್ಟಿಯೊಳಗೆ ಅರ್ಧ ಮುಳುಗಿದ್ದವನು ಎದ್ದ.

ಮೊದಲ ದಿನ ಹೆಸರಿನ ಅರ್ಥ ಕೇಳಬೇಕು,
ಮಕ್ಕಳು ಅರಳುತ್ತಾರೆ, ಎಂದು ತರಬೇತಿಯಲ್ಲಿ ಹೇಳಿದ್ದರು.
"ಏನಪ್ಪಾ ನಿನ್ನ ಹೆಸರಿನ ಅರ್ಥ?"
"ಹೆಸರಿಲ್ಲ."
"ಗೊತ್ತಿಲ್ಲವೇ?"
"ಗೊತ್ತು. ಹೆಸರಿಲ್ಲ, ಅಂತ."
ಹಾ-ಯುನ್ ಕಿಸಕ್ಕೆಂದಳು.

ತ್ಸೆಲ್ಮೆಗ್ ಬಿಡಿಸಿ ಹೇಳಿದಳು, ದೊಡ್ಡವರ ದನಿಯಲ್ಲಿ:
ಇವನಿಗಿಂತ ಮುಂಚಿನವರು ಉಳಿಯಲಿಲ್ಲ, ಮಿಸ್.
ಹೆಸರಿದ್ದರೆ ಕೂಗಿ ಕರೆದೊಯ್ಯಲು ಸಲೀಸು.
ಹುಡುಕಿ ಬಂದದ್ದು ಬಾಗಿಲಲ್ಲಿ ನಿಂತು ಕೇಳಿದರೆ
ಇಲ್ಲಿ ಅಂಥ ಹೆಸರಿನವರು ಯಾರೂ ಇಲ್ಲ
ಅನ್ನಬಹುದು ಅಜ್ಜಿ.
ಸುಳ್ಳೂ ಆಗುವುದಿಲ್ಲ.

ಹುಡುಗ ಬೂಟಿನ ತುದಿ ನೋಡುತ್ತಿದ್ದ.

ಪಾಠದ ಯೋಜನೆಯಲ್ಲಿ ಇದಕ್ಕೆಲ್ಲ ಮೂರು ನಿಮಿಷ ಇಟ್ಟಿದ್ದೆ.
ನಮ್ಮಜ್ಜಿಯ ಅಣ್ಣ ಸುಮಿನಾ. ಅಂದರೆ ತಿಪ್ಪೆ.
ನಾಲ್ಕು ಹಡೆದು ನಾಲ್ಕನ್ನೂ ಮಣ್ಣಿಗಿಟ್ಟ ಮುತ್ತಜ್ಜಿ
ಐದನೆಯದನ್ನು ಕಸದ ಗುಡ್ಡೆ ಮೇಲೆ ಮಲಗಿಸಿ ಬಂದು,
"ಅಯ್ಯೋ, ಯಾರು ಎಸೆದದ್ದು ಇದನ್ನ?" ಎಂದು
ನೆರೆಯವಳು ಎತ್ತಿ ತಂದಾಗ
ಬೇಡದವಳಂತೆ ಇಸಿದುಕೊಂಡಳಂತೆ.
ತೊಂಬತ್ತು ದಾಟಿದ ತಿಪ್ಪೆ. ಹಲ್ಲಿರುವ ತನಕ ಕಬ್ಬು ಜಗಿದ.
ನನಗೂ ಇದೆ, ಪಾಸ್‌ಪೋರ್ಟಿನಲ್ಲಿ
ಯಾವ ಅಧಿಕಾರಿಯೂ ಓದದ ನಡುಹೆಸರು.

ಹಲಗೆಯ ಮೇಲೆ ಬರೆದೆ: ಅರಬಾ ಬೆಜಿನಾ ಕ್ವಾನ್ಸಾ.
ನಡುವಿನದರ ಕೆಳಗೆ ಗೆರೆ ಎಳೆದು
"ಬಾ, ನಿಲ್ಲು ಅಂತ ಅರ್ಥ," ಎಂದೆ.

ನೆರ್ಗುಯಿ ತಲೆಯೆತ್ತಿದ.
"ನಿಮಗಿಂತ ಮುಂಚೆ ಎಷ್ಟು?"
ಸಂತೆಯಲ್ಲಿ ದರ ಕೇಳಿದಷ್ಟು ಸರಾಗ.
"ಒಬ್ಬಳು."
ಅವನು ಎರಡು ಬೆರಳೆತ್ತಿ ತೋರಿಸಿದ,
ಗೆದ್ದವನ ಹಾಗೆ, ಮತ್ತೆ ಕೂತ.

ಗಣಿತ ಶುರುವಾಗಲೇ ಇಲ್ಲ ಆ ಹೊತ್ತು.

ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ
ಸಕ್ಕರೆಯೆಂದು ಬಾಯಿಟ್ಟ ಹಾಲುಚಹಾ ಉಪ್ಪುಪ್ಪು.
ಎರಡನೇ ಗುಟುಕಿಗೆ ಅಭ್ಯಾಸವಾಗುತ್ತೆ ಎಂದರು,
ಆಗಲಿಲ್ಲ.
ಓಯುನ್‌ಚಿಮೆಗ್ ಓಡಿ ಬಂದಳು, ಯಂತ್ರ ಖಾಲಿ ಇದೆ,
ಕೊಡಿ ಆ ಚೀಟಿ, ಈಗಲೇ ಸರಿ ಮಾಡಿ ತರುತ್ತೇನೆ.
ಮುಚ್ಚಿಕೊಂಡೆ ಅಂಗೈಯಲ್ಲಿ.
ಇರಲಿ ಬಿಡು ತಾಯಿ,
ಹುಡುಕಿಕೊಂಡು ಬರುವವರಿಗೆ
ಒಂದಕ್ಷರ ಕಡಿಮೆಯೇ ಇರಲಿ.