ಐದು ಕಾಳು

ಹತ್ತೊಂಬತ್ತು ವರ್ಷ ನಾನೇ ಒರೆಸಿದ ನೆಲ ಇದು,
ಈ ಶಾಲೆಯ ಬಾಸ್ಕೆಟ್‌ಬಾಲ್ ಅಂಗಳ.
ಎಲ್ಲಿ ಹಲಗೆ ಕಿರುಗುಟ್ಟುತ್ತದೆ, ಎಲ್ಲಿ ಬಿಳಿ ಗೆರೆ ಸವೆದಿದೆ,
ಕಣ್ಣು ಮುಚ್ಚಿ ಹೇಳಬಲ್ಲೆ.
ಈಗ ಅದರ ಮೇಲೆ ಇನ್ನೂರು ಮಡಚು ಮಂಚ.
ಒಂದು ನನ್ನದು, ಪಕ್ಕದ್ದು ಇಮೊಜೆನ್‌ಳದು.
ಬೆಟ್ಟದ ಆಚೆ ಮಗ್ಗುಲು ಇನ್ನೂ ಉರಿಯುತ್ತಿದೆ.
ಈಚೆ ಮಗ್ಗುಲಲ್ಲಿ ಉರಿಯಲು ಏನೂ ಉಳಿದಿಲ್ಲ.

ಮೂರನೆಯ ದಿನ, ಅಂಕಫಲಕದ ಕೆಳಗೆ
ಮೇಜು ಹಾಕಿ ಕೂತಳು ಟೆರೀಸಾ ಕ್ವಾಕ್,
ಸ್ಯಾಕ್ರಮೆಂಟೊದಿಂದ ಬಂದವಳು, ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು.
ಸಾಸಿವೆಯಷ್ಟೇ ಕರಿ ಕಾಳು,
ಕಾಳಿಗೊಂದು ಚೌಕ ಅಂಟುಪಟ್ಟಿ.
ಚಿಮಟದಲ್ಲಿ ಹಿಡಿದು, ಲಕೋಟೆಗೆ ಚೀಟಿ ಹಚ್ಚುವ ಹಾಗೆ
ಕಿವಿಯ ಮಡಿಕೆಗಳಲ್ಲಿ ಒಂದೊಂದೇ ಒತ್ತುತ್ತಾಳೆ.

"ರಕ್ತದೊತ್ತಡದ ಮಾತ್ರೆ ಬಿಡಬೇಡಿ" ಎಂದಳು ಮೊದಲು.
"ಇದು ಅದರ ಬದಲಿಗಲ್ಲ, ಅದರ ಜೊತೆಗೆ.
ಕೆಲವರಿಗೆ ನಿದ್ದೆ ಬರುತ್ತದೆ.
ಕೆಲವರಿಗೆ ಕಿವಿ ತುರಿಸುತ್ತದೆ, ಅಷ್ಟೆ."
ಆ ಮಾತಿಗೇ ನಾನು ಕುರ್ಚಿ ಎಳೆದುಕೊಂಡದ್ದು.
ಚಿಕ್ಕಂದಿನಲ್ಲಿ ಕಿವಿ ಹಿಂಡಿಸಿಕೊಂಡಿದ್ದೆ
ಮೇಷ್ಟರಿಂದ, ಅಪ್ಪನಿಂದ;
ಅರವತ್ತಮೂರಕ್ಕೆ ಮೊದಲ ಸಲ
ಯಾರೋ ಅದನ್ನು ಮಾಗಿದ ಹಣ್ಣಿನ ಹಾಗೆ ಮುಟ್ಟಿದರು.

ಕಾಳಿನ ಹೆಸರೇನೆಂದು ಕೇಳಿದೆ.
ಅವಳಜ್ಜಿಯ ಭಾಷೆಯಲ್ಲಿ ಅದಕ್ಕೆ
'ರಾಜನೇ ನಿಲ್ಲೆಂದರೂ ನಿಲ್ಲದ್ದು' ಎಂಬರ್ಥವಂತೆ.
"ಬೆಂಕಿಗೂ ಅದನ್ನೇ ಇಡಬಹುದು" ಅಂದೆ.
ಅವಳು ನಗಲಿಲ್ಲ. ಇನ್ನೊಂದು ಕಾಳು ಒತ್ತಿದಳು.

ಗೋಡೆಗೆ ಅವಳು ತೂಗಿದ ಪಟ:
ಮೊರದಗಲ ಕಿವಿ, ಅದರೊಳಗೆ
ತಲೆಕೆಳಗಾಗಿ ಮುದುಡಿ ಮಲಗಿದ ಕೂಸು.
ಇಲ್ಲಿ ಶ್ವಾಸಕೋಶ, ಇಲ್ಲಿ ಯಕೃತ್ತು, ಇದು ಮನಸ್ಸಿನ ಬಾಗಿಲು.
ನನಗೆ ಕೂಸು ಕಾಣಲಿಲ್ಲ.
ತಲೆಕೆಳಗಾದ ಮನೆ ಕಂಡಿತು.

ರಾತ್ರಿ ಒತ್ತಿ ನೋಡಿದೆ.
ಮೇಲಿನ ಕಾಳು: ಹಿತ್ತಿಲ ಜಾಲರಿ ಬಾಗಿಲು,
ಸ್ಪ್ರಿಂಗು ಸಡಿಲಾಗಿ ಎರಡೆರಡು ಸಲ ಬಡಿಯುತ್ತಿದ್ದದ್ದು.
ಅದರ ಕೆಳಗಿನದು: ಬಾಯ್ಲರಿನ ಗೊರಕೆ.
ಆಮೇಲಿನದು: ಮೂರನೆಯ ಮೆಟ್ಟಿಲು.
ಹನ್ನೊಂದು ವರ್ಷ ಹೇಳಿಕೊಂಡೇ ಬಂದಿದ್ದೆ,
ಈ ಭಾನುವಾರ ಸರಿಮಾಡುತ್ತೇನೆ ಎಂದು.
ನಾಲ್ಕನೆಯದರಲ್ಲಿ ಏನೂ ಕೇಳಿಸಲಿಲ್ಲ.
ಐದನೆಯದು ನೋಯುತ್ತಿತ್ತು; ಅದನ್ನು ಮುಟ್ಟದೆ ಬಿಟ್ಟೆ.

ಕಣ್ಣು ಬಿಟ್ಟರೆ, ಹೊರಬಾಗಿಲ ಕೆಂಪು ದೀಪದಲ್ಲಿ
ಅಲ್ಲೊಂದು ಮಂಚ, ಇಲ್ಲೊಂದು ಮಂಚ,
ಕೈಗಳು ಕಿವಿಗೆ ಹೋಗುತ್ತಿದ್ದವು.
ಔಷಧಿ ಅಂಗಡಿಯ ರೋಸ್ಕೊ, ನನ್ನ ಮೇಲೆ ಕೇಸು ಹಾಕಿದ್ದ ವಿಲ್ಹೆಲ್ಮಿನ,
ಹಾಲು ಕುಡಿಸುತ್ತಿದ್ದ ಒಬ್ಬಳು, ಅವಳ ಗುರುತು ನನಗಿಲ್ಲ,
ಎಲ್ಲರಿಗೂ ಒಂದೇ ಹೊತ್ತಿಗೆ
ದೂರದಿಂದ ಫೋನು ಬಂದ ಹಾಗೆ.
ಇಮೊಜೆನ್‌ಳ ಕೈಯೂ ಅಲ್ಲೇ ಇತ್ತು.
ನಿನಗೇನು ಕೇಳಿಸುತ್ತಿದೆ ಎನ್ನಲಿಲ್ಲ ನಾನು.
ನಿದ್ದೆ ಬಂತೋ ಇಲ್ಲವೋ,
ಬೆಳಗು ಮಾತ್ರ ಆಯಿತು.

ಒಂಬತ್ತನೆಯ ದಿನ ಒಳಗೆ ಬಿಟ್ಟರು:
ಎರಡು ಗಂಟೆ, ಬಿಳಿ ಮೇಲಂಗಿ, ಮುಖವಾಡ.
ವಿಮೆಯ ಹುಡುಗಿ ಪಟ್ಟಿ ಹಿಡಿದು ನಿಂತಿದ್ದಳು.
ಫ್ರಿಜ್ಜು ಯಾವ ಕಂಪನಿ? ಸೋಫಾ ಎಷ್ಟು ಹಳೆಯದು?
ಪಾಠ ಒಪ್ಪಿಸುವಂತೆ ಹೇಳುತ್ತ ಹೋದೆ,
ನೆರೆಮನೆಯವರ ಸಾಮಾನು ಎಂಬಂತೆ.

ನೀರು ಕುಡಿಯಲೆಂದು ಮುಖವಾಡ ತೆಗೆದೆ.
ಅದರ ಎಲಾಸ್ಟಿಕ್ಕಿಗೆ ಸಿಕ್ಕಿ
ಐದನೆಯ ಕಾಳು ಕಿತ್ತುಬಂತು,
ಬೂದಿಗೆ ಬಿತ್ತು.

ಮಂಡಿಯೂರಿದೆ.
ಚಾವಣಿ ಕುಸಿದ ಫೋಟೊ ತೋರಿಸಿದಾಗ
ಕಾಫಿ ಕೇಳಿದ್ದ ಮನುಷ್ಯ ನಾನು.
ಈಗ ಬೂದಿಯನ್ನು ಬೆರಳಸಂದಿಯಲ್ಲಿ ಜರಡಿ ಹಿಡಿಯುತ್ತ,
ಉಗುರಲ್ಲಿ ಕೆದಕುತ್ತ,
ಮೂಗು ಕಣ್ಣು ಒಂದಾಗಿ ಸುರಿಸುತ್ತ,
ಒಂದು ಮೊಳೆಯ ತಲೆ ಸಿಕ್ಕಿ ಅದೇ ಎಂದುಕೊಂಡು
ಮತ್ತೆ ಬಿಸುಟು.

"ಏನು ಕಳೆಯಿತು ಸರ್?"
ಹುಡುಗಿಯ ಪೆನ್ನು ಬರೆಯಲು ಕಾದಿತ್ತು.

ಇಮೊಜೆನ್ ಬಂದು ಪಕ್ಕದಲ್ಲಿ ಕೂತಳು.
ಕೈಗವಸು ಕಳಚಿಟ್ಟು
ಅವಳೂ ಹುಡುಕತೊಡಗಿದಳು,
ಏನೆಂದು ಕೇಳದೆ.