ಐವತ್ತು ಒಂಟೆ

ಔಲು ಪಟ್ಟಣದ ನ್ಯಾಯಾಲಯ. ಹೊರಗೆ
ಮಧ್ಯಾಹ್ನ ಎರಡಕ್ಕೇ ಕತ್ತಲು.
ಗಂಟೆಗಿಷ್ಟು ಎಂದು ಕೂಲಿ ನನಗೆ:
ಫಿನ್ನಿಷ್ ಮಾತನ್ನು ಸೊಮಾಲಿಗೆ, ಸೊಮಾಲಿಯನ್ನು ಫಿನ್ನಿಷ್‌ಗೆ
ಉಪ್ಪು ಖಾರ ಸೇರಿಸದೆ ದಾಟಿಸುವುದು.

ನ್ಯಾಯಾಧೀಶೆ ಓದಿದರು. ಹೆಪ್ಪುಗಟ್ಟಿದ ರಸ್ತೆ,
ನಲವತ್ತರ ಬೀದಿಯಲ್ಲಿ ಅರವತ್ತೆಂಟರ ವೇಗ,
ಹಾಲಿನ ಲಾರಿ. ಹಿಬಾಕ್, ಒಂಬತ್ತು ವರ್ಷ.
ಎಂಟು ತಿಂಗಳ ಸಜೆ, ಅಮಾನತಿನಲ್ಲಿ.
ಅಮಾನತಿಗೆ ಪದ ಸಿಗಲಿಲ್ಲ ನನಗೆ,
'ತೂಗುಹಾಕಿದ್ದಾರೆ' ಅಂದುಬಿಟ್ಟೆ.
ಅಪ್ಪ ಗುಲೇದ್ ಬೆಚ್ಚಿ ಎದ್ದು ನಿಂತ: 'ಗಲ್ಲಿಗಾ?'
ಅವನನ್ನಲ್ಲಪ್ಪ, ಸಜೆಯನ್ನು.

ಆಮೇಲೆ ಕೇಳಿದ, ಲಾರಿಯ ರೈಮೊನನ್ನೇ ನೋಡುತ್ತ:
'ಇವನ ಕಡೆಯವರೆಲ್ಲಿ? ಚಿಕ್ಕಪ್ಪಂದಿರು, ದಾಯಾದಿಗಳು?
ಇಷ್ಟು ದೊಡ್ಡ ಸಾವನ್ನು
ಒಬ್ಬನೇ ಹೇಗೆ ಹೊರುತ್ತಾನೆ?
ನಮ್ಮಲ್ಲಾದರೆ ಮರದ ಕೆಳಗೆ ಹಿರಿಯರು ಕೂರುತ್ತಿದ್ದರು,
ಮನೆಗೊಂದು ಒಂಟೆ ಹೊಡೆದುಕೊಂಡು
ಇವನ ಕುಲವೆಲ್ಲ ನನ್ನ ಬಾಗಿಲಿಗೆ ಬರುತ್ತಿತ್ತು.'
ಅಕ್ಷರ ಬಿಡದೆ ದಾಟಿಸಿದೆ.
'ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ'
ಎಂದರು ನ್ಯಾಯಾಧೀಶೆ, ಮೆತ್ತಗೆ.
ಅದನ್ನೂ ದಾಟಿಸಿದೆ, ಮೆತ್ತಗೆ.

ಆಗ ಅಮ್ಮ ಬಾಯಿಬಿಟ್ಟಳು, ಅಷ್ಟು ಹೊತ್ತಿಗೆ ಮೊದಲ ಸಲ.
'ಐವತ್ತು.'
ಗಂಡನ ಕಡೆ ತಿರುಗಲಿಲ್ಲ.
'ನಿನ್ನ ಮರದ ಕೆಳಗೆ ಇವಳಿಗೆ ಐವತ್ತು ಒಂಟೆ.
ಗಂಡಾಗಿದ್ದರೆ ನೂರು.
ಇಲ್ಲಿ ಯಾರು ಸತ್ತರೂ ಎಂಟೇ ತಿಂಗಳು,
ಅದೂ ಗೋಡೆಯ ಮೊಳೆಗೆ.
ಯಾವ ತಕ್ಕಡಿಯ ಮುಂದೆ ಅಳಲಿ, ಹೇಳು.'
ಮತ್ತೆ ನನಗೆ: 'ತಮ್ಮಾ, ಇದನ್ನು ಅವರಿಗೆ ಹೇಳಬೇಡ.'

ಕೇಳಿದ್ದೆಲ್ಲ ದಾಟಿಸುತ್ತೇನೆಂದು
ಪ್ರಮಾಣ ಮಾಡಿದವನು ನಾನು.
'ಏನಂತೆ?' ಎಂದರು ನ್ಯಾಯಾಧೀಶೆ.
'ನೀರು ಬೇಕಂತೆ.'

ನೀರು ಬಂತು. ಬಾಯಾರಿಕೆಯಿರಲಿಲ್ಲ ಅವಳಿಗೆ,
ತಳ ಕಾಣುವ ತನಕ ಕುಡಿದಳು.
ಬಿಲ್ಲಿನಲ್ಲಿ ಎರಡು ಗಂಟೆ ಹತ್ತು ನಿಮಿಷ ಎಂದು ಬರೆದು
ಹತ್ತು ನಿಮಿಷಕ್ಕೆ ಗೀಟು ಹಾಕಿದೆ.

ಲೈಸೆನ್ಸ್ ಕಿತ್ತುಕೊಂಡಿದ್ದರಲ್ಲ,
ರೈಮೊ ಕೂಡ ನಮ್ಮ ಬಸ್‌ಸ್ಟಾಪಿಗೇ ಬಂದ.
ಟೋಪಿ ತೆಗೆದು ಕೈಯಲ್ಲಿ ಹಿಡಿದ,
ಕಿವಿ ಕೆಂಪಾಗುತ್ತಿದ್ದರೂ ಹಾಕಿಕೊಳ್ಳಲಿಲ್ಲ.
ಒಂದೇ ಒಂದು ಬೆಂಚು.
ಗುಲೇದ್ ಒಂದಿಷ್ಟು ಸರಿದು ಜಾಗ ಬಿಟ್ಟ.
ಅವಳು ಸರಿಯಲಿಲ್ಲ.
ರೈಮೊ ನಿಂತೇ ಇದ್ದ.
ಯಾರೂ ಏನೂ ಆಡಲಿಲ್ಲ, ನನಗೆ ಕೆಲಸವಿರಲಿಲ್ಲ.
ಬಸ್ಸು ಅವತ್ತು ತಡ.